ಮೈಕ್ ಬಿಟ್ಟುಕೊಡಿ, ಲೀಡರ್ ಆಗಿ: ಎನ್‌ಜಿಒದಲ್ಲಿ ಬೆಳೆಯುವವರಿಗೆ 15 ಸೂತ್ರಗಳು

ಎನ್‌ಜಿಒಗಳಲ್ಲಿ ಕೆಲಸ ಮಾಡುವವರಿಗೆ ಒಂದು ಭ್ರಮೆ ಇದೆ. ‘ನಾವು ಬಡವರ ಪರ, ಮಹಿಳೆಯರ ಪರ, ವಿಕಲಚೇತನರ ಪರ ಕೆಲಸ ಮಾಡುವವರು. ನಮ್ಮ ಆಫೀಸಿನಲ್ಲಿ ತಾರತಮ್ಯ ಎಲ್ಲಿಂದ ಬರಬೇಕು?’ ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಸಮಾನತೆಯ ಬಗ್ಗೆ ತರಬೇತಿ ಕೊಡುವ ಸಂಸ್ಥೆಯಲ್ಲೇ ಫೀಲ್ಡ್ ಸ್ಟಾಫ್ ಕೊನೆಯ ಸಾಲಿನಲ್ಲಿ ಕೂರುತ್ತಾರೆ. ಟೀ ತರಲು ಏಳುವವರು ಯಾವಾಗಲೂ ಹೆಣ್ಣುಮಕ್ಕಳೇ. ವಿಕಲಚೇತನರ ಹಕ್ಕುಗಳ ಕಾರ್ಯಾಗಾರ ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿ ನಡೆಯುತ್ತದೆ.

ನೀವು ಎಂಎಸ್‌ಡಬ್ಲ್ಯು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವರಿರಬಹುದು. ಮೂರು ತಾಲ್ಲೂಕು ನೋಡಿಕೊಳ್ಳುವ ಕೋಆರ್ಡಿನೇಟರ್ ಇರಬಹುದು. ಐಟಿ ಕಂಪನಿಯ ಸಿಎಸ್‌ಆರ್ ಟೀಮಿನಲ್ಲಿರಬಹುದು. ಮೇಲೆ ಬರುವ ಆಸೆ ಇದೆ ತಾನೆ? ಇರಲೇಬೇಕು. ಹಾಗಾದರೆ ಎಲ್ಲರನ್ನೂ ಒಳಗೊಂಡು ಮುನ್ನಡೆಸುವುದನ್ನು ಕಲಿಯಿರಿ. ಅವಕಾಶ ಸಿಗದವರ ಜೊತೆ ನಿಲ್ಲುವವರನ್ನು ಈಗ ‘ಅಲೈ’ ಅನ್ನುತ್ತಾರೆ. ಒಂದು ದಿನದ ಟ್ರೇನಿಂಗಿಗೆ ಹೋಗಿ ಸರ್ಟಿಫಿಕೇಟ್ ತಂದವರೆಲ್ಲ ಅಲೈ ಆಗುವುದಿಲ್ಲ. ನಿಮ್ಮ ಕೈಯಲ್ಲಿರುವ ಮೈಕ್, ಹೆಸರು, ಬಜೆಟ್, ಕುರ್ಚಿ ಇವುಗಳಲ್ಲಿ ಒಂದನ್ನಾದರೂ ಬಿಟ್ಟುಕೊಟ್ಟ ದಿನ ಆಗುತ್ತೀರಿ. ಹೇಗೆ ಬಿಟ್ಟುಕೊಡಬೇಕು ಅನ್ನುವುದೇ ಈ ಸೂತ್ರಗಳು.

1. ‘ನಾನು ಯಾರು ಕೇಳೋದಕ್ಕೆ?’ ಅನ್ನುವುದನ್ನು ಇವತ್ತೇ ನಿಲ್ಲಿಸಿ

ಹಿಂಜರಿಕೆಯನ್ನು ವಿನಯ ಅಂದುಕೊಳ್ಳಬೇಡಿ. ಅದೊಂದು ಅಭ್ಯಾಸ, ಬಿಡಿಸಿಕೊಳ್ಳಬಹುದು. ದೊಡ್ಡ ಹುದ್ದೆ ಬಂದ ಮೇಲೆ ನ್ಯಾಯವಾಗಿ ನಡೆದುಕೊಳ್ಳುತ್ತೇನೆ ಅನ್ನುವವರು ಹುದ್ದೆ ಬಂದ ಮೇಲೆ ಬ್ಯುಸಿ ಆಗಿರುತ್ತಾರೆ. ನೀವು ಇಂಟರ್ನ್ ಆಗಿದ್ದರೂ ಸಾಕು. ಮೀಟಿಂಗಿನ ಮಿನಿಟ್ಸ್ ಬರೆಯುವ ಕೆಲಸ ಬರುವುದು ನಿಮಗೇ. ಯಾರ ಮಾತು ದಾಖಲಾಗುತ್ತದೆ, ಯಾರದು ಗಾಳಿಗೆ ಹೋಗುತ್ತದೆ ಎಂದು ತೀರ್ಮಾನಿಸುವವರು ಆಗ ನೀವೇ. ‘ಈ ಕುರಿತು ಚರ್ಚಿಸಲಾಯಿತು’ ಎಂದು ಬರೆಯಬೇಡಿ. ಯಾರು ಸೂಚಿಸಿದರೋ ಅವರ ಹೆಸರು ಬರೆಯಿರಿ.

2. ಮುಂದಿನ ರಿವ್ಯೂ ಮೀಟಿಂಗನ್ನು ಪೆನ್ನು ಹಿಡಿದು ನೋಡಿ

ತಿಂಗಳ ರಿವ್ಯೂ ಹೇಗೆ ನಡೆಯುತ್ತದೆ ಎಂದು ನೆನಪಿಸಿಕೊಳ್ಳಿ. ಮುಂದಿನ ಸಾಲಿನಲ್ಲಿ ಕುಷನ್ ಕುರ್ಚಿ, ಅಲ್ಲಿ ಡೈರೆಕ್ಟರ್ ಮತ್ತು ಪ್ರೋಗ್ರಾಂ ಮ್ಯಾನೇಜರ್. ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ, ಅಲ್ಲಿ ಬೆಳಿಗ್ಗೆ ಆರರ ಬಸ್ಸು ಹಿಡಿದು ಬಂದ ಕಾರ್ಯಕರ್ತೆಯರು. ಪರದೆಯ ಮೇಲೆ ಇಂಗ್ಲಿಷ್ ಸ್ಲೈಡು. ಮೊದಲು ಫೈನಾನ್ಸ್, ಆಮೇಲೆ ಎಂಐಎಸ್, ಆಮೇಲೆ ಡೋನರ್ ವಿಸಿಟಿನ ತಯಾರಿ. ಫೀಲ್ಡಿನವರ ಸರದಿ ಬರುವುದು ಊಟ ಆದ ಮೇಲೆ. ಅವರು ಎದ್ದು ನಿಂತು ಬಾಯಿ ತೆರೆಯುವಷ್ಟರಲ್ಲಿ ‘ಸ್ವಲ್ಪ ಬೇಗ ಮುಗಿಸಿ, ಟೈಮ್ ಇಲ್ಲ’.

ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಯಾರು ಎಲ್ಲಿ ಕೂತಿದ್ದಾರೆ ಎಂದು ಗುರುತು ಮಾಡಿ. ಯಾರು ಮಾತಾಡಿದರೂ ಅವರ ಹೆಸರಿನ ಮುಂದೆ ಒಂದು ಗೀಟು ಹಾಕಿ. ಯಾರ ಮಾತನ್ನು ಯಾರು ಅರ್ಧಕ್ಕೆ ತುಂಡರಿಸಿದರು ಅಂತಲೂ ಬರೆದುಕೊಳ್ಳಿ. ಯಾರನ್ನೂ ದೂರಬೇಡಿ. ಮುಂದಿನ ಸಲಕ್ಕೆ ಒಂದೇ ಒಂದು ಬದಲಾವಣೆ ಕೇಳಿ: ಅಜೆಂಡಾ ತಿರುಗಿಸಿ, ಫೀಲ್ಡ್ ವರದಿ ಮೊದಲು ಬರಲಿ. ಕಾರಣ ಸರಳ. ಸಂಘದ ಹಾಜರಾತಿ ಇಳಿದಿದೆ ಎಂದಷ್ಟೇ ಡ್ಯಾಶ್‌ಬೋರ್ಡ್ ತೋರಿಸುತ್ತದೆ. ಊರಿನಲ್ಲಿ ಮೆಣಸಿನಕಾಯಿ ಬಿಡಿಸುವ ಸೀಸನ್ ಶುರುವಾಗಿದೆ, ಹೆಂಗಸರು ಕೂಲಿಗೆ ಹೋಗಿದ್ದಾರೆ ಎಂದು ಗೊತ್ತಿರುವುದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರಿಗೆ.

3. ಮೀಟಿಂಗನ್ನು ಕನ್ನಡಕ್ಕೆ ತನ್ನಿ

ಇಂಗ್ಲಿಷ್ ಬಂದವರು ಬುದ್ಧಿವಂತರು, ಬಾರದವರು ಸುಮ್ಮನೆ ಕೂರುವವರು ಎಂಬ ವಿಂಗಡಣೆ ನಮ್ಮ ಸಂಸ್ಥೆಗಳಲ್ಲಿ ಸದ್ದಿಲ್ಲದೆ ನಡೆಯುತ್ತದೆ. ನೀವು ಇಂಗ್ಲಿಷ್ ಚೆನ್ನಾಗಿ ಮಾತಾಡುವವರಾದರೆ ಬೇಕೆಂದೇ ಮೊದಲ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ. ನಿಮ್ಮಂಥವರು ಕನ್ನಡಕ್ಕೆ ಇಳಿದರೆ ಮಿಕ್ಕವರ ಬಾಯಿ ತಾನಾಗಿ ಬಿಚ್ಚುತ್ತದೆ. ಸ್ಲೈಡಿನ ತಲೆಬರಹಗಳನ್ನಾದರೂ ಎರಡೂ ಭಾಷೆಯಲ್ಲಿ ಹಾಕಿ. ಸುತ್ತೋಲೆಗಳು ಮೊದಲು ಕನ್ನಡದಲ್ಲಿ ಹೋಗಲಿ.

ಇದರ ಇನ್ನೊಂದು ಮಗ್ಗುಲನ್ನೂ ನೋಡಿ. ಲಂಬಾಣಿ ತಾಂಡಾದ ಹುಡುಗಿಗೆ, ಮನೆಯಲ್ಲಿ ಉರ್ದು ಆಡುವ ಕಲಬುರಗಿಯ ಹುಡುಗನಿಗೆ ನಿಮ್ಮ ಪುಸ್ತಕದ ಕನ್ನಡವೂ ಗೋಡೆಯೇ. ಅವರ ಉಚ್ಚಾರಣೆ ನೋಡಿ ನಕ್ಕರೆ ನೀವು ಇಂಗ್ಲಿಷಿನವರ ಆಟವನ್ನೇ ಆಡಿದಂತಾಯಿತು.

4. ಐಡಿಯಾ ಯಾರದೋ, ಹೆಸರೂ ಅವರದೇ

ಕಾರ್ಯಕರ್ತೆ ಹೇಳಿದಾಗ ಯಾರೂ ಕೇಳಿಸಿಕೊಳ್ಳಲಿಲ್ಲ. ಹತ್ತು ನಿಮಿಷದ ನಂತರ ಮ್ಯಾನೇಜರ್ ಅದನ್ನೇ ಹೇಳಿದರು, ಎಲ್ಲರೂ ತಲೆಯಾಡಿಸಿದರು. ಇಂಥ ಸಂದರ್ಭಕ್ಕೆ ಒಂದು ವಾಕ್ಯ ರೆಡಿ ಇಟ್ಟುಕೊಳ್ಳಿ: ‘ಹೌದು ಸರ್, ಇದನ್ನೇ ಆಗಲೇ ಅಕ್ಕ ಹೇಳಿದ್ರು. ಅವರಿಂದಲೇ ಇನ್ನಷ್ಟು ಕೇಳೋಣ.’ ಮ್ಯಾನೇಜರಿಗೂ ಅವಮಾನವಿಲ್ಲ, ಮಾತು ಮಾತ್ರ ವಾರಸುದಾರರಿಗೆ ಮರಳಿತು. ವಾರ್ಷಿಕ ವರದಿಯ ಕೇಸ್ ಸ್ಟಡಿಗೂ ಇದೇ ನಿಯಮ. ಮಾಹಿತಿ ತಂದವರ ಹೆಸರು ಕೆಳಗೆ ಅಚ್ಚಾಗಲಿ. ಕ್ರೆಡಿಟ್ ಹಂಚಿದವರ ಜೊತೆ ಕೆಲಸ ಮಾಡಲು ಜನ ಕ್ಯೂ ನಿಲ್ಲುತ್ತಾರೆ. ಪ್ರಮೋಷನ್ ಕೊಡುವವರು ಅದನ್ನೂ ಗಮನಿಸುತ್ತಾರೆ.

5. ಸಹಾಯ ಮಾಡುವ ಮೊದಲು ಕೇಳಿ

ವೀಲ್‌ಚೇರಿನಲ್ಲಿರುವವರನ್ನು ಹೇಳದೆ ಕೇಳದೆ ತಳ್ಳಬೇಡಿ. ಕಣ್ಣು ಕಾಣದವರ ಕೈ ಹಿಡಿದು ಎಳೆಯಬೇಡಿ. ‘ನನ್ನ ಮೊಣಕೈ ಹಿಡ್ಕೋತೀರಾ?’ ಎಂದು ಕೇಳಿ ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಕಿವಿ ಕೇಳದವರ ಜೊತೆ ಮಾತಾಡುವಾಗ ಸಂಜ್ಞಾ ಭಾಷೆಯ ದುಭಾಷಿಯ ಮುಖ ನೋಡಬೇಡಿ, ಅವರ ಮುಖವನ್ನೇ ನೋಡಿ. ವಿಷಯ ಅವರಿಗೆ ಸಂಬಂಧಿಸಿದ್ದಾದರೆ ಜೊತೆಗೆ ಬಂದವರನ್ನು ‘ಇವರಿಗೆ ಏನು ಬೇಕಂತೆ?’ ಎಂದು ಕೇಳುವುದನ್ನು ಬಿಟ್ಟೇ ಬಿಡಿ.

ವಿಕಲಚೇತನರ ಸಾಮರ್ಥ್ಯದ ಮೇಲೆ ನಂಬಿಕೆ ಸಾಲದಿದ್ದರೆ ಕಣ್ಣೆದುರಿನ ಉದಾಹರಣೆ ನೋಡಿ. ಮಿಟ್ಟಿ ಕೆಫೆ 2017ರಲ್ಲಿ ಹುಬ್ಬಳ್ಳಿಯ ಬಿವಿಬಿ ಕ್ಯಾಂಪಸ್ಸಿನಲ್ಲಿ ಶುರುವಾಯಿತು. ಆರ್ಡರ್ ತೆಗೆದುಕೊಳ್ಳುವವರು, ಟೀ ಮಾಡುವವರು, ಕೌಂಟರಿನಲ್ಲಿರುವವರು ವಿಕಲಚೇತನರೇ. 2023ರಲ್ಲಿ ಅದರ ಒಂದು ಮಳಿಗೆ ಸುಪ್ರೀಂ ಕೋರ್ಟಿನ ಆವರಣದಲ್ಲೇ ತೆರೆಯಿತು. ಬೆಂಗಳೂರಿನ ಸಮರ್ಥನಂ ಟ್ರಸ್ಟನ್ನು 1997ರಲ್ಲಿ ಕಟ್ಟಿದ ಮಹಾಂತೇಶ್ ಕಿವಡಸಣ್ಣವರ್ ಅವರಿಗೆ ದೃಷ್ಟಿ ಇಲ್ಲ. ‘ಪಾಪ, ಇವರಿಂದ ಆಗುತ್ತಾ?’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ಬಹಳ ವರ್ಷವಾಯಿತು. ಈಗ ಕೇಳಬೇಕಾದದ್ದು ‘ನಮ್ಮ ಆಫೀಸು ಇವರಿಗೆ ಸರಿ ಇದೆಯಾ?’ ಎಂದು.

6. ಫೈಲನ್ನು ಯೂನಿಕೋಡ್‌ನಲ್ಲಿ ಕಳಿಸಿ

ಇದು ಕ್ಷುಲ್ಲಕ ಎನಿಸುತ್ತದೆ, ಅಲ್ಲವೇ? ಅಲ್ಲ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಕಂಪ್ಯೂಟರಿನಲ್ಲಿರುವ ಕನ್ನಡವನ್ನು ಕಣ್ಣು ಕಾಣದವರಿಗೆ ಓದಿ ಹೇಳುತ್ತದೆ. ಆದರೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಆಸ್ಕಿಯಲ್ಲಿ ಟೈಪ್ ಮಾಡಿದ ಫೈಲು ನಿಮಗೆ ಕನ್ನಡವಾಗಿ ಕಂಡರೂ ಸ್ಕ್ರೀನ್ ರೀಡರಿಗೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸ್ಕ್ಯಾನ್ ಮಾಡಿದ ಪಿಡಿಎಫ್, ವಾಟ್ಸ್ಆ್ಯಪ್ ಗ್ರೂಪಿಗೆ ಫೋಟೊ ಹೊಡೆದು ಹಾಕಿದ ಸುತ್ತೋಲೆ ಇವುಗಳ ಕಥೆಯೂ ಅಷ್ಟೇ. ಹಾಗಾದಾಗ ಕಣ್ಣು ಕಾಣದ ಸಹೋದ್ಯೋಗಿ ಪ್ರತಿ ಸುತ್ತೋಲೆಗೂ ‘ಸ್ವಲ್ಪ ಓದಿ ಹೇಳ್ತೀರಾ?’ ಎಂದು ಇನ್ನೊಬ್ಬರನ್ನು ಕೇಳಬೇಕು. ಸಂಬಳದ ವಿಷಯವಾದರೂ, ಎಚ್ಆರ್ ಪತ್ರವಾದರೂ.

ಇಂದಿನಿಂದ ಯೂನಿಕೋಡ್. ಹಳೆಯ ಫೈಲುಗಳನ್ನು ಕನ್ವರ್ಟರಿಗೆ ಹಾಕಿ. ಫೋಟೊ ಕಳಿಸಲೇಬೇಕಾದರೆ ಕೆಳಗೆ ಎರಡು ಸಾಲು ಟೈಪ್ ಮಾಡಿ.

7. ಟಿಫಿನ್ ಬಾಕ್ಸ್ ನೋಡಿ ಜನರನ್ನು ಅಳೆಯಬೇಡಿ

ಜೆಂಡರ್ ಬಗ್ಗೆ ಹೇಗೋ ಮಾತಾಡುತ್ತೇವೆ. ಜಾತಿಯ ಬಗ್ಗೆ ಮಾತು ಬಂದರೆ ಆಫೀಸು ಮೌನ. ಆದರೆ ಜಾತಿ ಊಟದ ಹೊತ್ತಿಗೆ ಸರಿಯಾಗಿ ಹಾಜರಿ ಹಾಕುತ್ತದೆ. ಹೊಸಬರು ಸೇರಿದ ಮೊದಲ ದಿನವೇ ‘ನೀವು ಯಾವ ಕಡೆಯವರು? ಮನೆದೇವರು ಯಾವುದು?’ ಎಂಬ ವಿಚಾರಣೆ. ಆ ಪ್ರಶ್ನೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಕೇಳಿದವರಿಗೂ ಗೊತ್ತು, ಉತ್ತರಿಸುವವರಿಗೂ ಗೊತ್ತು. ಪ್ಯಾಂಟ್ರಿಯ ಗೋಡೆ ಮೇಲೆ ‘ಸಸ್ಯಾಹಾರ ಮಾತ್ರ’ ಎಂಬ ಚೀಟಿ. ಡಬ್ಬಿಯಲ್ಲಿ ಮೀನು ಸಾರು ತಂದವರು ಮೆಟ್ಟಿಲ ಮೇಲೆ ಕೂತು ಉಣ್ಣುತ್ತಾರೆ. ಯಾರೂ ಬೈದಿಲ್ಲ, ಯಾರೂ ಹೊರಗೆ ಹಾಕಿಲ್ಲ. ಆದರೂ ಅವರು ಹೊರಗಿದ್ದಾರೆ. ಹೌಸ್‌ಕೀಪಿಂಗ್ ಅಮ್ಮನಿಗೆ ಬೇರೆ ಲೋಟ ಇಟ್ಟಿರುವ ಆಫೀಸುಗಳು ಇಂದಿಗೂ ಇವೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಯಾವ ರೂಪದಲ್ಲೂ ಆಚರಿಸಬಾರದು ಎನ್ನುತ್ತದೆ. ಲೋಟವೂ ಒಂದು ರೂಪವೇ.

ಏನು ಮಾಡಬೇಕು? ಆ ಚೀಟಿ ತೆಗೆಸಿ. ಲೋಟಗಳನ್ನು ಒಂದೇ ಸ್ಟ್ಯಾಂಡಿಗೆ ಸೇರಿಸಿ. ಮೆಟ್ಟಿಲ ಮೇಲೆ ಉಣ್ಣುವವರನ್ನು ಟೇಬಲ್ಲಿಗೆ ಕರೆಯಿರಿ, ಅವರು ಬರದಿದ್ದರೆ ನಿಮ್ಮ ಡಬ್ಬಿ ತೆಗೆದುಕೊಂಡು ಅಲ್ಲಿಗೆ ಹೋಗಿ. ‘ಕೋಟಾದಲ್ಲಿ ಬಂದವರು’ ಎಂದು ಯಾರಾದರೂ ನಕ್ಕರೆ ನಗಬೇಡಿ. ನೇರವಾಗಿ, ದನಿ ಏರಿಸದೆ ಕೇಳಿ: ‘ಅರ್ಥ ಆಗಲಿಲ್ಲ, ಬಿಡಿಸಿ ಹೇಳ್ತೀರಾ?’ ಬಿಡಿಸಿ ಹೇಳಲು ಹೊರಟ ಜೋಕು ಅರ್ಧ ದಾರಿಯಲ್ಲೇ ಸಾಯುತ್ತದೆ. ಇದನ್ನು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ. ಆ ಕ್ಷಣದಲ್ಲಿ ಧೈರ್ಯಕ್ಕಿಂತ ತಯಾರಿ ಹೆಚ್ಚು ಕೆಲಸಕ್ಕೆ ಬರುತ್ತದೆ.

8. ಪಾಶ್ ಕಾಯ್ದೆಯನ್ನು ಪೂರ್ತಿ ಓದಿ, ಪೋಸ್ಟರ್ ಅಂಟಿಸಿ ಸುಮ್ಮನಾಗಬೇಡಿ

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಈ ಕಾಯ್ದೆಯ ಮೂಲ ಕಾರ್ಪೊರೇಟ್ ಆಫೀಸಿನಲ್ಲಿ ಇಲ್ಲ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ‘ಸಾಥಿನ್’ ಆಗಿದ್ದರು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಫೀಲ್ಡ್ ವರ್ಕರ್. 1992ರಲ್ಲಿ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ ಸೇಡಾಗಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖಾ ಮಾರ್ಗಸೂಚಿ ಬಂತು, 2013ರಲ್ಲಿ ಕಾಯ್ದೆ ಬಂತು. ಅಂದರೆ ದೇಶದ ಪ್ರತಿ ಆಫೀಸಿಗೂ ಸಿಕ್ಕ ಈ ರಕ್ಷಣೆ ನಿಮ್ಮ ವೃತ್ತಿಯ ಒಬ್ಬ ಹೆಣ್ಣುಮಗಳು ತೆತ್ತ ಬೆಲೆಯಿಂದ ಬಂದದ್ದು. ಅದೇ ವೃತ್ತಿಯ ಸಂಸ್ಥೆಗಳು ‘ನಾವು ಚಿಕ್ಕವರು, ನಮಗೆ ಅನ್ವಯಿಸಲ್ಲ’ ಎಂದರೆ ಸಿಟ್ಟು ಬರಬೇಕು.

ಈಗ ಲೆಕ್ಕ ನೋಡಿ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಟ್ರಸ್ಟ್, ಸೊಸೈಟಿ, ಎನ್‌ಜಿಒ ಎಲ್ಲವೂ ಕಾಯ್ದೆಯೊಳಗೆ ಬರುತ್ತವೆ. ಸಮಿತಿಯ ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆಯಾಗಿರಬೇಕು, ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು, ಹೊರಗಿನ ಒಬ್ಬ ಸದಸ್ಯರಿರಬೇಕು. ಸಂಬಳವಿಲ್ಲದ ವಾಲಂಟಿಯರ್, ಟ್ರೇನಿ, ದಿನಗೂಲಿಯವರು ಕೂಡ ದೂರು ಕೊಡಬಹುದು. ಕೆಲಸದ ಮೇಲೆ ಹೋದ ಹಳ್ಳಿ, ಸಂಸ್ಥೆ ಕಳಿಸಿದ ಜೀಪು ಇವೂ ‘ಕೆಲಸದ ಸ್ಥಳ’ವೇ. 10ಕ್ಕಿಂತ ಕಡಿಮೆ ಜನರಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ದೂರಿಗೆ ಮೂರು ತಿಂಗಳ ಅವಧಿ, ವಿಚಾರಣೆ 90 ದಿನಗಳೊಳಗೆ ಮುಗಿಯಬೇಕು.

ಗಂಡಸರಿಗೆ ಒಂದು ಮಾತು. ‘ಇನ್ಮೇಲೆ ಹೆಂಗಸರ ಜೊತೆ ಫೀಲ್ಡಿಗೇ ಹೋಗಲ್ಲ, ಯಾಕೆ ಬೇಕು ರಗಳೆ’ ಎಂದು ಟೀ ಅಂಗಡಿಯಲ್ಲಿ ಹೇಳುವ ಗೆಳೆಯನನ್ನು ಅಲ್ಲೇ ತಡೆಯಿರಿ. ಅವನು ರಗಳೆ ತಪ್ಪಿಸಿಕೊಳ್ಳುತ್ತಿಲ್ಲ, ಹೆಂಗಸರ ಅವಕಾಶ ತಪ್ಪಿಸುತ್ತಿದ್ದಾನೆ. ಫೀಲ್ಡಿಗೆ ಹೋಗದವರಿಗೆ ಪ್ರಮೋಷನ್ ಸಿಗುವುದಿಲ್ಲ.

9. ಫೋಟೊ ತೆಗೆಯುವ ಮೊದಲು ಅನುಮತಿ, ತೆಗೆದ ಮೇಲೆ ಪ್ರತಿ

ಮೂಗು ಸೋರುವ ಮಗು, ಹರಿದ ಅಂಗಿ, ಪಕ್ಕದಲ್ಲಿ ನಗುವ ನೀವು. ಲಿಂಕ್ಡ್‌ಇನ್‌ನಲ್ಲಿ ಲೈಕು ಬರುತ್ತದೆ, ನಿಜ. ಆದರೆ ಆ ಮಗು ಹತ್ತು ವರ್ಷದ ನಂತರ ಆ ಫೋಟೊ ನೋಡಿದರೆ? ಬ್ರಿಟನ್ನಿನ ಕಾಮಿಕ್ ರಿಲೀಫ್ ಎಂಬ ದೊಡ್ಡ ಚಾರಿಟಿ ಈ ಪಾಠವನ್ನು ಎಲ್ಲರೆದುರು ಕಲಿಯಬೇಕಾಯಿತು. 2019ರಲ್ಲಿ ಅದರ ಪರವಾಗಿ ಹೋದ ಟಿವಿ ನಿರೂಪಕಿಯೊಬ್ಬರು ಉಗಾಂಡಾದ ಮಗುವನ್ನು ಎತ್ತಿಕೊಂಡ ಚಿತ್ರ ಹಾಕಿದಾಗ, ಬಿಳಿಯರನ್ನು ಉದ್ಧಾರಕರಂತೆ ತೋರಿಸಿದ್ದು ಸಾಕು ಎಂದು ಸಂಸದ ಡೇವಿಡ್ ಲ್ಯಾಮಿ ಖಾರವಾಗಿ ಟೀಕಿಸಿದರು. 2020ರಲ್ಲಿ ಆ ಸಂಸ್ಥೆ ಸೆಲೆಬ್ರಿಟಿಗಳನ್ನು ಆಫ್ರಿಕಾಕ್ಕೆ ಕಳಿಸುವುದನ್ನೇ ನಿಲ್ಲಿಸಿ ಸ್ಥಳೀಯ ಚಿತ್ರ ನಿರ್ದೇಶಕರಿಗೆ ಕೆಲಸ ಕೊಡುವುದಾಗಿ ಘೋಷಿಸಿತು.

ನಮ್ಮಲ್ಲಿ ಚರ್ಮದ ಬಣ್ಣದ ಜಾಗಕ್ಕೆ ಬೆಂಗಳೂರು ಬರುತ್ತದೆ, ಅಷ್ಟೇ ವ್ಯತ್ಯಾಸ. ಫೋಟೊ ಎಲ್ಲಿ ಬಳಸುತ್ತೀರಿ ಎಂದು ಕನ್ನಡದಲ್ಲಿ ವಿವರಿಸಿ. ‘ಬೇಡ’ ಎಂದರೆ ಕ್ಯಾಮೆರಾ ಒಳಗಿಡಿ. ಒಪ್ಪಿದರೆ ಒಂದು ಪ್ರಿಂಟ್ ಹಾಕಿಸಿ ಅವರ ಮನೆಗೆ ತಲುಪಿಸಿ.

10. ಕೆಲಸದ ಜಾಹೀರಾತಿನ ಮೇಲೆ ಕೆಂಪು ಪೆನ್ನು ಓಡಿಸಿ

‘ಇಂಗ್ಲಿಷ್ ಫ್ಲೂಯೆನ್ಸಿ ಕಡ್ಡಾಯ, ದ್ವಿಚಕ್ರ ವಾಹನ ಮತ್ತು ಲೈಸೆನ್ಸ್ ಇರಬೇಕು.’ ನಿಮ್ಮ ಸಂಸ್ಥೆಯ ಕೊನೆಯ ಜಾಹೀರಾತು ಹೀಗೇ ಇತ್ತಲ್ಲ? ಈ ಎರಡು ಷರತ್ತುಗಳಿಂದ ಎಷ್ಟೋ ಹಳ್ಳಿ ಹೆಣ್ಣುಮಕ್ಕಳು, ಕಣ್ಣು ಕಾಣದವರು ಅರ್ಜಿ ಹಾಕುವ ಮೊದಲೇ ಔಟ್. ಕೆಲಸಕ್ಕೆ ನಿಜವಾಗಿ ಬೇಕಾದದ್ದು ಊರೂರು ತಲುಪುವ ಸಾಮರ್ಥ್ಯ, ಬೈಕಲ್ಲ. ಹಾಗಂತಲೇ ಬರೆಯಿರಿ.

ಅರ್ಜಿಯಲ್ಲಿ ಗಂಡು-ಹೆಣ್ಣು ಎಂಬ ಎರಡೇ ಕಾಲಂ ಇದ್ದರೆ ಮೂರನೆಯದನ್ನು ಸೇರಿಸಿ. ಸುಪ್ರೀಂ ಕೋರ್ಟ್ 2014ರ ನಾಲ್ಸಾ ತೀರ್ಪಿನಲ್ಲೇ ತೃತೀಯ ಲಿಂಗಿಗಳ ಗುರುತನ್ನು ಮಾನ್ಯ ಮಾಡಿದೆ. ಸರ್ಕಾರಿ ನೇರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 1% ಮೀಸಲು ತಂದ ಮೊದಲ ರಾಜ್ಯ ಕರ್ನಾಟಕ, 2021ರಲ್ಲಿ. ಸರ್ಕಾರಕ್ಕೆ ಸಾಧ್ಯವಾದದ್ದು 30 ಜನರ ಟ್ರಸ್ಟಿಗೆ ಕಷ್ಟವೇನಲ್ಲ. ಇನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿ, ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು ಎನ್ನುತ್ತದೆ. ನಿಮ್ಮಲ್ಲಿ ಅದಿದೆಯೇ ಎಂದು ಎಚ್ಆರ್ ಅವರನ್ನು ಕೇಳಿ. ಇಲ್ಲದಿದ್ದರೆ ‘ಡ್ರಾಫ್ಟ್ ನಾನು ಮಾಡ್ತೀನಿ’ ಎನ್ನಿ. ಹೊಸಬರು ಸಂಸ್ಥೆಯ ಕಣ್ಣಿಗೆ ಬೀಳಲು ಇದಕ್ಕಿಂತ ಒಳ್ಳೆ ಅವಕಾಶ ಸಿಗಲಾರದು.

11. ಕೊನೆಯ ಬಸ್ಸಿನ ಟೈಮು ತಿಳಿದುಕೊಳ್ಳಿ

ಸಂಜೆ ಐದಕ್ಕೆ ‘ಒಂದು ಚಿಕ್ಕ ಮೀಟಿಂಗ್’ ಕರೆಯಬೇಡಿ. ಶಕ್ತಿ ಯೋಜನೆಯಡಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಉಚಿತ, ಆದರೆ ಊರಿಗೆ ಹೋಗುವ ಕೊನೆಯ ಬಸ್ಸು ನಿಮ್ಮ ಮೀಟಿಂಗ್ ಮುಗಿಯಲಿ ಎಂದು ಕಾಯುವುದಿಲ್ಲ. ಮಧ್ಯದಲ್ಲಿ ಎದ್ದು ಹೋದವಳಿಗೆ ‘ಕಮಿಟ್‌ಮೆಂಟ್ ಇಲ್ಲ’ ಎಂಬ ಹಣೆಪಟ್ಟಿ ಬೇರೆ. ಮಹತ್ವದ ತೀರ್ಮಾನಗಳು ಮೂರು ಗಂಟೆಯೊಳಗೆ ಆಗಲಿ. ರಾತ್ರಿ ಊಟದ ನಂತರದ ಫೋನಿನಲ್ಲಿ ಆಗುವುದೇ ಬೇಡ.

ರಜೆಯ ವಿಷಯವೂ ಇದೇ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಆದೇಶ ಇದ್ದರೆ ಸಾಲದು. ರಜೆ ಕೇಳಿದವರನ್ನು ನೋಡಿ ತುಟಿಯಂಚಿನಲ್ಲಿ ನಗುವ ಮ್ಯಾನೇಜರ್ ಒಬ್ಬನಿದ್ದರೆ ಆ ರಜೆ ಕಾಗದದಲ್ಲೇ ಉಳಿಯುತ್ತದೆ. ಟೀಮ್ ಲೀಡರ್ ನೀವಾಗಿದ್ದರೆ ಕಾರಣ ಕೇಳದೆ ಅಪ್ರೂವ್ ಒತ್ತಿ.

12. ಬಜೆಟ್ಟಿನಲ್ಲಿ ಒಂದು ಸಾಲು ಹಾಕಿಸಿ

ಒಳಗೊಳ್ಳುವಿಕೆಗೆ ದುಡ್ಡು ಬೇಕು. ಸಂಜ್ಞಾ ಭಾಷೆಯ ದುಭಾಷಿಗೆ ಫೀಸು, ವಿಕಲಚೇತನರ ಜೊತೆ ಬರುವವರಿಗೆ ಟಿಎ-ಡಿಎ, ತರಬೇತಿಗೆ ಬರುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು. ಕೊನೆಯಲ್ಲಿ ‘ಎಲ್ಲಿಂದಲಾದರೂ ಅಡ್ಜಸ್ಟ್ ಮಾಡೋಣ’ ಎಂದರೆ ಆಗುವುದಿಲ್ಲ. 2020ರಲ್ಲಿ ಎಫ್‌ಸಿಆರ್‌ಎ ತಿದ್ದುಪಡಿಯಾಗಿ ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿ 50%ರಿಂದ 20%ಕ್ಕೆ ಇಳಿದ ಮೇಲಂತೂ ಅಡ್ಜಸ್ಟ್ ಮಾಡಲು ಜಾಗವೇ ಉಳಿದಿಲ್ಲ. ಆದ್ದರಿಂದ ಪ್ರಪೋಸಲ್ ಬರೆಯುವಾಗಲೇ ಇದನ್ನು ಕಾರ್ಯಕ್ರಮದ ವೆಚ್ಚವಾಗಿ ತೋರಿಸಿ, ಯಾಕೆ ಬೇಕು ಎಂದು ಒಂದೇ ವಾಕ್ಯದಲ್ಲಿ ಹೇಳಿ. ಸಿಎಸ್‌ಆರ್ ಕಡೆಯ ಕುರ್ಚಿಯಲ್ಲಿ ಕೂತವರಿಗೂ ಹೇಳುತ್ತಿದ್ದೇನೆ: ಈ ಸಾಲನ್ನು ಮೊದಲು ಕತ್ತರಿಸುವವರು ನೀವೇ. ಕತ್ತರಿಸಬೇಡಿ.

13. ತಪ್ಪಾದರೆ ಚಿಕ್ಕದಾಗಿ ಕ್ಷಮೆ ಕೇಳಿ, ಮುಂದೆ ಹೋಗಿ

ತೃತೀಯ ಲಿಂಗಿ ಸಹೋದ್ಯೋಗಿಯನ್ನು ‘ಸರ್’ ಎಂದು ಕರೆದುಬಿಟ್ಟಿರಾ? ‘ಕ್ಷಮಿಸಿ ಮೇಡಂ’ ಎಂದು ತಿದ್ದಿಕೊಳ್ಳಿ, ಮಾತು ಮುಂದುವರಿಸಿ. ಐದು ನಿಮಿಷ ಗೋಗರೆದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವರ ತಲೆಗೇ ಬರುತ್ತದೆ. ಮತ್ತೆ ಅದೇ ತಪ್ಪು ಮಾಡಬೇಡಿ. ಅಷ್ಟು ಸಾಕು.

14. ನಿಮ್ಮ ಸ್ಕಿಲ್ಲನ್ನು ಕಡ ಕೊಡಿ, ಯಜಮಾನಿಕೆ ಕೇಳಬೇಡಿ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆದದ್ದು ನೋಡಿ. ಅಲ್ಲಿನ ಆದಿವಾಸಿಗಳಾದ ಸೋಲಿಗರ ಕಾಡಿನ ದೇವರ ತಾಣಗಳು ಎಲ್ಲಿವೆ ಎಂಬುದು ಹಿರಿಯರ ಬಾಯಲ್ಲೇ ಇತ್ತು, ಕಾಗದದಲ್ಲಿ ಇರಲಿಲ್ಲ. ಸರ್ಕಾರ ಕೇಳುವುದು ಕಾಗದ. ಏಟ್ರೀ ಸಂಸ್ಥೆಯ ಸಂಶೋಧಕರಿಗೆ ಜಿಪಿಎಸ್ ಬರುತ್ತಿತ್ತು. ಸೋಲಿಗ ಹಿರಿಯರು ಮುಂದೆ ನಡೆದರು, ಹೆಸರು ಹೇಳಿದರು. ಸಂಶೋಧಕರು ಹಿಂದೆ ನಡೆದು ಗುರುತು ಮಾಡಿದರು. ನಕ್ಷೆ ತಯಾರಾಯಿತು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ. ಹೋರಾಟ ಸೋಲಿಗರ ಸಂಘದ್ದು, ಹಕ್ಕೂ ಅವರದೇ.

ನಿಮಗೆ ಎಕ್ಸೆಲ್ ಬರುತ್ತದೆಯೇ? ಆರ್‌ಟಿಐ ಅರ್ಜಿ ಬರೆಯಲು ಬರುತ್ತದೆಯೇ? ಡೀಸಿ ಆಫೀಸಿನಲ್ಲಿ ಯಾವ ಟೇಬಲ್ಲಿಗೆ ಹೋಗಬೇಕೆಂದು ಗೊತ್ತೇ? ಅದನ್ನು ಜನರಿಗೆ ಕಲಿಸಿ. ಪ್ರೆಸ್‌ಮೀಟಿನಲ್ಲಿ ಮಾತ್ರ ಹಿಂದೆ ನಿಲ್ಲಿ.

15. ಕುರ್ಚಿ ಬಿಡುವ ದಿನಾಂಕ ಗೊತ್ತು ಮಾಡಿ

ಇದು ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು. ನಮ್ಮ ಬಹುತೇಕ ಸಂಸ್ಥೆಗಳಲ್ಲಿ ಸ್ಥಾಪಕರೇ ಆಜೀವ ಅಧ್ಯಕ್ಷರು, ನಂತರ ಅವರ ಮನೆಯವರು. ಯಾರಿಗಾಗಿ ಸಂಸ್ಥೆ ಹುಟ್ಟಿತೋ ಅವರು ‘ಫಲಾನುಭವಿ’ಗಳಾಗಿ ಸಾಲಿನಲ್ಲಿ ನಿಲ್ಲುತ್ತಾರೆ, ಅಷ್ಟೆ.

ಹೀಗೇ ಇರಬೇಕಿಲ್ಲ ಎನ್ನುವುದಕ್ಕೆ ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ ಸಾಕ್ಷಿ ಇದೆ. ಮೈರಾಡ ಸಂಸ್ಥೆ ಅಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕೆಲಸ ಮಾಡುತ್ತಿತ್ತು. ಆ ಕೆಲಸವನ್ನು ಕೊನೆತನಕ ತನ್ನ ಕೈಯಲ್ಲೇ ಇಟ್ಟುಕೊಳ್ಳಬಹುದಿತ್ತು. ಬದಲಿಗೆ ಮಾಜಿ ದೇವದಾಸಿಯರದೇ ಒಂದು ಸಂಸ್ಥೆ ಕಟ್ಟಲು ಒತ್ತಾಸೆಯಾಯಿತು. 1997ರಲ್ಲಿ ಹುಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯಲ್ಲಿ, ಅಂದರೆ ‘ಮಾಸ್’ನಲ್ಲಿ, ಸದಸ್ಯರೂ ಅವರೇ, ಆಡಳಿತವೂ ಅವರದೇ. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸಿತವ್ವ ಜೋಡಟ್ಟಿ ಅದರ ಚುಕ್ಕಾಣಿ ಹಿಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೆಜಿಎಫ್‌ನಲ್ಲಿ ಮಲ ಹೊರುವ ಕೆಲಸದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನವನ್ನು ಮುನ್ನಡೆಸಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ನೋವು ಉಂಡವರಿಗೆ ಅಧಿಕಾರ ಕೊಟ್ಟರೆ ಸಂಸ್ಥೆ ನಡೆಯುತ್ತದೆಯೇ ಎಂಬ ಅನುಮಾನ ಇನ್ನೂ ಇದ್ದರೆ ಅದು ಆ ಜನರ ಕೊರತೆಯಲ್ಲ, ಅನುಮಾನಿಸುವವರ ಚಟ.

ನೀವು ಟ್ರಸ್ಟಿ ಅಲ್ಲ, ನಿಜ. ಆದರೂ ಸಂಸ್ಥೆಯ ವಾರ್ಷಿಕ ವರದಿ ತೆಗೆದು ಆಡಳಿತ ಮಂಡಳಿಯ ಪಟ್ಟಿ ಓದಿ. ನೀವು ಯಾರಿಗಾಗಿ ಕೆಲಸ ಮಾಡುತ್ತಿದ್ದೀರೋ ಆ ಸಮುದಾಯದ ಒಂದು ಹೆಸರಾದರೂ ಅಲ್ಲಿದೆಯೇ? ಇಲ್ಲದಿದ್ದರೆ, ಮಂಡಳಿಯಲ್ಲಿ ಕೂರಲು ಅರ್ಹರಾದ ಮೂರು ಜನರ ಹೆಸರು ನಿಮಗೆ ಫೀಲ್ಡಿನಿಂದಲೇ ಗೊತ್ತಿರುತ್ತದೆ. ಮೊದಲು ಅವರನ್ನೇ ಕೇಳಿ ಒಪ್ಪಿಸಿ. ಆಮೇಲೆ ಆ ಹೆಸರುಗಳನ್ನು ಒಂದು ಪುಟದಲ್ಲಿ ಬರೆದು, ಪ್ರತಿಯೊಬ್ಬರ ಅನುಭವದ ಬಗ್ಗೆ ಎರಡೆರಡು ಸಾಲು ಸೇರಿಸಿ, ಮುಂದಿನ ಸರ್ವಸದಸ್ಯರ ಸಭೆಗೆ ಮೊದಲು ನಿಮ್ಮ ಡೈರೆಕ್ಟರ್ ಟೇಬಲ್ ಮೇಲೆ ಇಡಿ. ಕೆಳಗೆ ನಿಮ್ಮ ಸಹಿ ಇರಲಿ.